300 ದಿರ್ಹಮ್‌ನ ಹುಟ್ಟುಹಬ್ಬ

ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಆಚರಿಸುವ ಕ್ರಮವಿಲ್ಲ. ಆ ದಿನ ಅಜ್ಜಿ ಪಾಯಸ ಮಾಡಿ ಅಕ್ಕಪಕ್ಕದ ನಾಲ್ಕು ಮನೆಗಳಿಗೆ ಕಳುಹಿಸುತ್ತಾರೆ. ಮಗ್ರಿಬ್ ನಮಾಝ್ ಆದ ಮೇಲೆ ತಲೆಯ ಮೇಲೆ ಕೈಯಿಟ್ಟು ದುಆ ಮಾಡುತ್ತಾರೆ. ಅಷ್ಟೇ. ಬೆಳಿಗ್ಗೆ ದುಬೈಯಿಂದ ಉಪ್ಪನ ಫೋನ್ ಬರುತ್ತದೆ. "ಎಷ್ಟಾಯಿತು ಮಗಳೇ?" ಎಂದು ಕೇಳುತ್ತಾರೆ. ಎಷ್ಟಾಯಿತೆಂದು ಅವರಿಗೆ ಗೊತ್ತು. ಆದರೂ ಪ್ರತಿ ವರ್ಷ ಅದೇ ಪ್ರಶ್ನೆ.

ಉಪ್ಪ ನಾನು ಹುಟ್ಟುವ ಮೊದಲೇ ದುಬೈಗೆ ಹೋದವರು. ಎರಡು ವರ್ಷಕ್ಕೊಮ್ಮೆ ಅವರಿಗೆ ರಜೆ. ಅದು ಬರುವುದು ಹೆಚ್ಚಾಗಿ ಮೇ ತಿಂಗಳಲ್ಲಿ. ನನ್ನ ಹುಟ್ಟುಹಬ್ಬ ಅಕ್ಟೋಬರ್‌ನಲ್ಲಿ. ಹಾಗಾಗಿ ನನ್ನ ಹದಿನಾರು ಹುಟ್ಟುಹಬ್ಬಗಳಲ್ಲಿ ಒಂದಕ್ಕೂ ಅವರು ಊರಿನಲ್ಲಿರಲಿಲ್ಲ. ಹದಿನೇಳನೆಯದಕ್ಕೆ ನಾವೇ ಅಲ್ಲಿಗೆ ಹೋದೆವು.

ನಾವು ಶ್ರೀಮಂತರೆಂದು ಯಾರೂ ತಿಳಿಯಬೇಡಿ. ದುಬೈಯಲ್ಲಿ ಕುಟುಂಬದೊಂದಿಗೆ ಇರುವ ನನ್ನ ಮಾಮ ರಜೆಯಲ್ಲಿ ಊರಿಗೆ ಬರುವವರಿದ್ದರು. "ಹತ್ತು ದಿನ ನಮ್ಮ ಫ್ಲ್ಯಾಟ್ ಖಾಲಿ ಇರುತ್ತದೆ, ಕೀಲಿ ಕೊಡುತ್ತೇನೆ, ಹೋಗಿ ಬನ್ನಿ" ಎಂದರು. ಅಷ್ಟರಲ್ಲಿ ಉಮ್ಮನ ಚೀಟಿ ಹಣ ಕೈಗೆ ಬಂದಿತ್ತು. ನಾಲ್ಕು ತಿಂಗಳು ಮೊದಲೇ ಟಿಕೆಟ್ ಮಾಡಿಸಿದ್ದರಿಂದ ಮಂಗಳೂರಿನಿಂದ ನೇರ ವಿಮಾನವೇ ಕಡಿಮೆ ದರದಲ್ಲಿ ಸಿಕ್ಕಿತು. ಉಮ್ಮ ಬ್ಯಾಗಿನಲ್ಲಿ ಬಟ್ಟೆಗಿಂತ ಹೆಚ್ಚು ಕುಚ್ಚಲಕ್ಕಿ, ಮಸಾಲೆ ಪುಡಿ ಮತ್ತು ತೆಂಗಿನೆಣ್ಣೆ ತುಂಬಿಸಿದ್ದರು. ಹೋಟೆಲ್ ಬಾಡಿಗೆ ಇಲ್ಲ, ಊಟ ಮನೆಯದ್ದು. ಉಳಿದದ್ದು ಬಸ್ಸು, ಮೆಟ್ರೋದ ಖರ್ಚು ಮಾತ್ರ. ಹೀಗೆ ನಾನು, ಉಮ್ಮ ಮತ್ತು ಒಂಬತ್ತು ವರ್ಷದ ನನ್ನ ತಮ್ಮ ದಸರಾ ರಜೆಯಲ್ಲಿ ಮೊದಲ ಬಾರಿ ವಿಮಾನ ಹತ್ತಿದೆವು.

ಹೊರಡುವ ಮೊದಲು ನಾನು ಒಂದು ತಪ್ಪು ಮಾಡಿದ್ದೆ. ನನ್ನ ಹುಟ್ಟುಹಬ್ಬದ ದಿನ ಬುರ್ಜ್ ಖಲೀಫಾದ ಮೇಲಿನಿಂದ ಫೋಟೋ ಕಳುಹಿಸುತ್ತೇನೆಂದು ತರಗತಿಯ ಗೆಳತಿಯರಿಗೆಲ್ಲ ಹೇಳಿಬಿಟ್ಟಿದ್ದೆ. 828 ಮೀಟರ್ ಎತ್ತರದ, ಜಗತ್ತಿನ ಅತ್ಯಂತ ಎತ್ತರದ ಕಟ್ಟಡ. ಅದರ ಮೇಲೆ ಹೋಗಲು ಟಿಕೆಟ್ ಎಷ್ಟೆಂದು ನಾನು ನೋಡಿಯೇ ಇರಲಿಲ್ಲ.

ಹುಟ್ಟುಹಬ್ಬದ ಹಿಂದಿನ ದಿನ ಶನಿವಾರ. ನಮ್ಮ ದೇಶದ ಗಡಿಯಾರ ದುಬೈಯ ಗಡಿಯಾರಕ್ಕಿಂತ ಒಂದೂವರೆ ಗಂಟೆ ಮುಂದಿದೆ. ಅಲ್ಲಿ ರಾತ್ರಿ ಹತ್ತೂವರೆಯಾಗುವಾಗ ಊರಿನಲ್ಲಿ ಹನ್ನೆರಡು. ಸರಿಯಾಗಿ ಹತ್ತೂವರೆಗೆ ನನ್ನ ಫೋನ್ ಸದ್ದು ಮಾಡತೊಡಗಿತು. ಗೆಳತಿಯರ ಮೆಸೇಜುಗಳು ಬಂದವು. ಅಜ್ಜಿ ಕೂಡ ನಿದ್ದೆಗೆಟ್ಟು ಕಾದಿದ್ದು ವೀಡಿಯೋ ಕಾಲ್ ಮಾಡಿದರು. ಎಲ್ಲರೂ ಇದ್ದರು, ಉಪ್ಪ ಮಾತ್ರ ಇರಲಿಲ್ಲ. ಅವರು ಬಂದಾಗ ಹನ್ನೊಂದು ದಾಟಿತ್ತು. "ಎಲ್ಲಿ ಹೋಗಿದ್ದಿರಿ?" ಎಂದು ಕೇಳಿದೆ. "ರೂಮಿನಲ್ಲಿ ಸ್ವಲ್ಪ ಕೆಲಸವಿತ್ತು" ಎಂದರು. ನಾವು ಇದ್ದ ಹತ್ತು ದಿನ ಅವರು ನಮ್ಮೊಂದಿಗೆ ಮಾಮನ ಫ್ಲ್ಯಾಟಿನಲ್ಲಿದ್ದರು. ಉಳಿದಂತೆ ಅವರಿರುವುದು ದೇರಾದ ಒಂದು ಬ್ಯಾಚುಲರ್ ರೂಮಿನಲ್ಲಿ, ಆರು ಜನರಲ್ಲಿ ಒಬ್ಬರಾಗಿ. ಅದಕ್ಕೆ ಅಲ್ಲಿ ಬೆಡ್ ಸ್ಪೇಸ್ ಎನ್ನುತ್ತಾರೆ. ರೂಮಿಗಲ್ಲ, ಮಂಚಕ್ಕೆ ಬಾಡಿಗೆ.

ಹದಿನೇಳು ವರ್ಷಕ್ಕೆ ಮೊದಲ ಬಾರಿ ಹತ್ತಿರವಿರುವಾಗಲೂ ಆ ಗಳಿಗೆಯಲ್ಲಿ ಉಪ್ಪ ಇರಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು. ಸರಿಯಾಗಿ ಮಾತನಾಡದೆ ಮಲಗಿದೆ.

ಬೆಳಿಗ್ಗೆ ಸುಬಹಿ ನಮಾಝ್ ಆದ ಮೇಲೆ ಉಮ್ಮ ಸಾಬಕ್ಕಿ ಪಾಯಸ ಮಾಡಿದ್ದರು. ಉಪ್ಪ ಎದುರಿಗೆ ಕುಳಿತೇ, "ಎಷ್ಟಾಯಿತು ಮಗಳೇ?" ಎಂದು ಕೇಳಿದರು. ನನಗೆ ನಗು ಬಂತು. ಆಮೇಲೆ ಅವರು ಜೇಬಿನಿಂದ 300 ದಿರ್ಹಮ್ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಲೆಕ್ಕದಲ್ಲಿ ಸುಮಾರು 7,000 ರೂಪಾಯಿ.

"ಇವತ್ತು ಭಾನುವಾರ, ನನಗೆ ರಜೆ. ನಾಲ್ಕು ಜನ, ಬೆಳಗಿನಿಂದ ರಾತ್ರಿಯವರೆಗೆ. ಎಲ್ಲಿಗೆ ಹೋಗುವುದು, ಎಂತ ತಿನ್ನುವುದು ಎಲ್ಲ ನೀನೇ ಹೇಳು. ನೀನು ಕಾಮರ್ಸ್ ಅಲ್ವಾ, ಲೆಕ್ಕವೂ ನೀನೇ ಬರೆ" ಎಂದರು. ಬರೆಯಲು ಪುಸ್ತಕ ಹುಡುಕುತ್ತಿದ್ದಾಗ ತಮ್ಮದೇ ಉದ್ದನೆಯ ಲೆಕ್ಕದ ಪುಸ್ತಕವನ್ನು ಕೊಟ್ಟರು. "ಬೇರೆ ಪುಸ್ತಕ ಯಾಕೆ? ಇದರಲ್ಲೇ ಒಂದು ಪುಟ ತೆಗೆದುಕೋ."

ಆಗ ಮೊಬೈಲಿನಲ್ಲಿ ಬುರ್ಜ್ ಖಲೀಫಾದ ಟಿಕೆಟ್ ದರ ನೋಡಿದೆ. ಒಬ್ಬರಿಗೆ 150 ದಿರ್ಹಮ್‌ಗಿಂತಲೂ ಹೆಚ್ಚು. ನಾಲ್ಕು ಜನ ಹೋಗುವ ಮಾತೇ ಇಲ್ಲ. ನಾನೊಬ್ಬಳೇ ಹೋದರೂ ಅರ್ಧಕ್ಕಿಂತ ಹೆಚ್ಚು ಹಣ ಮುಗಿಯುತ್ತದೆ. ಉಪ್ಪನಿಗೆ ಇದೆಲ್ಲ ಗೊತ್ತಿದ್ದೇ 300 ಕೊಟ್ಟಿದ್ದಾರೆ ಎಂದು ನನಗೆ ಅನಿಸಿತು. ಬೇಡ ಎನ್ನುವುದನ್ನು ಬಾಯಿಬಿಟ್ಟು ಹೇಳದೆ ಲೆಕ್ಕದಲ್ಲಿ ಹೇಳಿದ ಹಾಗೆ.

ಬೆಳಗಿನ ತಿಂಡಿಗೆ ಕೆಳಗಿನ ಕೆಫೆಟೇರಿಯಾಕ್ಕೆ ಹೋದೆವು. ಪರೋಟ, ಮೊಟ್ಟೆ ಮತ್ತು ಏಲಕ್ಕಿ ಹಾಕಿದ ಕರಕ್ ಚಾ. ನಾಲ್ಕು ಜನಕ್ಕೆ 24 ದಿರ್ಹಮ್. ಬರೆದೆ. ಬರೆಯುತ್ತಾ ಹಿಂದಿನ ಪುಟಗಳನ್ನು ತಿರುವಿದೆ. ಮೂರು ವರ್ಷಗಳ ಲೆಕ್ಕ ಅದರಲ್ಲಿತ್ತು. ಉಪ್ಪನ ಕನ್ನಡ ಅಕ್ಷರ ತುಂಬ ಸಣ್ಣದು, ಒಂದು ಸಾಲಿನಲ್ಲಿ ಎರಡು ಸಾಲು ಬರೆದಿರುತ್ತಾರೆ. ದಿನವೂ "ಅಬ್ರ 2", "ಚಾ 1", "ಕುಬ್ಬೂಸ್ 1". ತಿಂಗಳಿಗೊಮ್ಮೆ ದೊಡ್ಡ ಅಕ್ಷರದಲ್ಲಿ "ಮನೆಗೆ". ಹೀಗೆ ಒಂದು, ಎರಡರ ನಡುವೆ ಒಂದು ಕಡೆ "ಜಿಲೇಬಿ 18" ಎಂದಿತ್ತು. ಇನ್ನೂ ಕೆಲವು ಪುಟಗಳಾದ ಮೇಲೆ "ಜಿಲೇಬಿ 20". ದಿನಾಂಕ ನೋಡುವ ತಾಳ್ಮೆ ನನಗಿರಲಿಲ್ಲ. ಚಹಾಕ್ಕೆ ಒಂದು ದಿರ್ಹಮ್ ಲೆಕ್ಕ ಹಾಕುವ ಮನುಷ್ಯ ಜಿಲೇಬಿಗೆ 20 ಕೊಡುತ್ತಾರಲ್ಲ ಎಂದಷ್ಟೇ ತಲೆಯಲ್ಲಿ ಉಳಿಯಿತು.

ನನ್ನ ಪಟ್ಟಿಯಲ್ಲಿ ಮೊದಲನೆಯದು ಅಬ್ರ. ಕಾರಣ, ಅದು ಎಲ್ಲಕ್ಕಿಂತ ಅಗ್ಗ. ದುಬೈ ನಗರದ ನಡುವೆ ಕ್ರೀಕ್ ಎಂಬ ಸಮುದ್ರದ ಕವಲು ಒಳಗೆ ಬಂದಿದೆ. ಒಂದು ದಡದಲ್ಲಿ ದೇರಾ, ಇನ್ನೊಂದು ದಡದಲ್ಲಿ ಬರ್ ದುಬೈ. ದಾಟಿಸುವ ಮರದ ದೋಣಿಗೆ ಅಬ್ರ ಎನ್ನುತ್ತಾರೆ. ಒಬ್ಬರಿಗೆ ಒಂದು ದಿರ್ಹಮ್. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ಹೋದವರಿಗೆ ಅದು ಹೊಸದೆನಿಸುವುದಿಲ್ಲ. ನಡುವೆ ಬೆನ್ನಿಗೆ ಬೆನ್ನು ಕೊಟ್ಟು ಎರಡು ಸಾಲು ಜನ ಕೂರುತ್ತಾರೆ, ಬದಿಗೆ ತಡೆಯೇನೂ ಇಲ್ಲ. ಉಮ್ಮ ತಮ್ಮನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಉಪ್ಪ ಕೆಲಸ ಮಾಡುವುದು ಬರ್ ದುಬೈಯ ಬಟ್ಟೆ ಮಾರುಕಟ್ಟೆಯಲ್ಲಿ. ವಾರಕ್ಕೆ ಆರು ದಿನ ಬೆಳಿಗ್ಗೆ ಒಂದು ದಿರ್ಹಮ್ ಕೊಟ್ಟು ದಾಟುತ್ತಾರೆ, ರಾತ್ರಿ ಒಂದು ದಿರ್ಹಮ್ ಕೊಟ್ಟು ಮರಳುತ್ತಾರೆ. ದೋಣಿಯಲ್ಲಿ ಅವರು ನಮಗೆ ಕ್ರೀಕಿನ ಕತೆ ಹೇಳತೊಡಗಿದರು. ಈ ಊರು ಬೆಳೆದದ್ದೇ ಈ ನೀರಿನಿಂದ. ಮೊದಲು ಮುತ್ತಿನ ವ್ಯಾಪಾರವಿತ್ತು. ಜಪಾನಿನವರು ಮುತ್ತನ್ನು ಕೃಷಿ ಮಾಡಿ ಬೆಳೆಸತೊಡಗಿದ ಮೇಲೆ ಅದು ಬಿದ್ದುಹೋಯಿತು. ಆಮೇಲೆ ಕ್ರೀಕಿನ ಹೂಳೆತ್ತಿಸಿ ದೊಡ್ಡ ಹಡಗು ಬರುವಂತೆ ಮಾಡಿದರು. ಪೆಟ್ರೋಲ್ ಸಿಕ್ಕಿದ್ದು ಅದಕ್ಕಿಂತ ನಂತರ, 1966ರಲ್ಲಿ. ಆ ವರ್ಷದವರೆಗೂ ಇಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. ಕೊಲ್ಲಿ ದೇಶಗಳಿಗೆಂದೇ ರಿಸರ್ವ್ ಬ್ಯಾಂಕ್ 1959ರಲ್ಲಿ ಬೇರೆ ನೋಟು ಮುದ್ರಿಸಿತ್ತು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಈ ಕಡೆಯವರು ಅದನ್ನು ಬಿಟ್ಟರು.

ಬೇರೆ ದಿನವಾಗಿದ್ದರೆ ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಅವತ್ತು ಮನಸ್ಸು ಕೆಟ್ಟಿತ್ತು. ಆ ಹೊತ್ತಿಗೆ ಗೆಳತಿಯ ಮೆಸೇಜ್ ಬಂತು: "ಬುರ್ಜ್ ಫೋಟೋ ಎಲ್ಲಿ?" ನಾನು ತಡೆಯಲಾರದೆ ಹೇಳಿಬಿಟ್ಟೆ.

"ಉಪ್ಪ, ನಿಮಗೆ ಜಿಲೇಬಿ ತಿನ್ನಲು 20 ದಿರ್ಹಮ್ ಉಂಟು. ಮಗಳಿಗೆ ಒಂದು ಟಿಕೆಟಿಗೆ ಇಲ್ಲ."

ಉಮ್ಮ ನನ್ನನ್ನು ದುರುಗುಟ್ಟಿ ನೋಡಿದರು. ಉಪ್ಪ ನೀರನ್ನೇ ನೋಡುತ್ತಿದ್ದರು. ಆಮೇಲೆ ಸ್ವಲ್ಪ ನಕ್ಕು, "ಅಲ್ಲಿನ ಜಿಲೇಬಿ ಒಳ್ಳೆಯದಿರುತ್ತದೆ ಮಗಳೇ" ಎಂದರು. ದೋಣಿ ದಡ ಸೇರಿತು.

ಬಟ್ಟೆ ಮಾರುಕಟ್ಟೆಯ ಮೇಲೆ ಮರದ ಚಾವಣಿಯಿದೆ. ಉಪ್ಪನ ಅಂಗಡಿಯ ಶಟರ್ ಮುಚ್ಚಿತ್ತು. "ಇದೇ" ಎಂದು ತೋರಿಸಿದರು. ತಮ್ಮ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಉಮ್ಮ ಪಕ್ಕದ ಅಂಗಡಿಯಲ್ಲಿ ಒಂದು ಶಾಲನ್ನು ಮುಟ್ಟಿ, ಬೆಲೆ ಕೇಳಿ, ಮಡಚಿ ಇಟ್ಟರು. ಅಲ್ಲಿಂದ ಅಲ್ ಫಹೀದಿ ಎಂಬ ಹಳೆಯ ಬಡಾವಣೆಗೆ ನಡೆದೇ ಹೋದೆವು. ಪರ್ಷಿಯಾದಿಂದ ಬಂದ ವರ್ತಕರು ಕಟ್ಟಿಸಿದ ಮನೆಗಳು, ಕಿರಿದಾದ ಓಣಿಗಳು. ಮನೆಗಳ ಮೇಲೆ ಚೌಕಾಕಾರದ ಗಾಳಿಗೋಪುರಗಳಿವೆ. ಮೇಲೆ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತವೆ. ಕರೆಂಟ್ ಇಲ್ಲದ ಕಾಲದ ಎ.ಸಿ. ಹತ್ತಿರದಲ್ಲೇ 1787ರಲ್ಲಿ ಕಟ್ಟಿದ ಕೋಟೆಯಿದೆ. ಓಣಿಗಳಲ್ಲಿ ತಿರುಗಾಡಿದ್ದಕ್ಕೆ ನಯಾಪೈಸೆ ಖರ್ಚಾಗಲಿಲ್ಲ. ನೀರಿನ ಬಾಟಲಿಗೆ 4 ದಿರ್ಹಮ್. ಹೆಂಗಸರಿಗೂ ಜಾಗವಿದ್ದ ಒಂದು ಮಸೀದಿಯಲ್ಲಿ ಳುಹರ್ ನಮಾಝ್ ಮಾಡಿದೆವು. ಮಧ್ಯಾಹ್ನ ಒಂದು ಸಣ್ಣ ಹೋಟೆಲಿನಲ್ಲಿ ಮೀನೂಟ, 62 ದಿರ್ಹಮ್. ಬಿಸಿಲು ತಡೆಯಲಾಗದೆ ಅಬ್ರದಲ್ಲೇ ಮರಳಿ ಫ್ಲ್ಯಾಟಿನಲ್ಲಿ ಎರಡು ಗಂಟೆ ಮಲಗಿದೆವು.

ಅಸರ್ ಆದ ಮೇಲೆ ಮೆಟ್ರೋ. ದುಬೈ ಮೆಟ್ರೋ ಶುರುವಾದದ್ದು 2009ರ ಸೆಪ್ಟೆಂಬರ್ 9ರಂದು, ಅಂದರೆ 9-9-09. ಅದಕ್ಕೆ ಚಾಲಕನಿಲ್ಲ. "ಡ್ರೈವರ್ ಇಲ್ಲದಿದ್ದರೆ ಬ್ರೇಕ್ ಯಾರು ಹಾಕುತ್ತಾರೆ?" ಎಂದು ತಮ್ಮ ಮೂರು ಸಲ ಕೇಳಿದ. ಒಬ್ಬರಿಗೆ 5 ದಿರ್ಹಮ್, ನಾಲ್ಕು ಜನಕ್ಕೆ 20. ಇಳಿದ ಮೇಲೂ ದುಬೈ ಮಾಲ್ ತಲುಪಲು ಮುಕ್ಕಾಲು ಕಿಲೋಮೀಟರಿಗಿಂತ ಹೆಚ್ಚು ಉದ್ದದ ಎ.ಸಿ. ದಾರಿಯಲ್ಲಿ ನಡೆಯಬೇಕು. ಮಾಲಿನೊಳಗೆ ದೊಡ್ಡ ಅಕ್ವೇರಿಯಂ ಇದೆ. ಒಳಗೆ ಹೋಗಲು ಟಿಕೆಟ್ ಬೇಕು. ಆದರೆ ಹೊರಗೆ ನಿಂತೇ ಆ ಅಗಲವಾದ ಗಾಜಿನಲ್ಲಿ ಶಾರ್ಕ್‌ಗಳನ್ನು ನೋಡಬಹುದು. ತಮ್ಮನನ್ನು ಅಲ್ಲಿಂದ ಎಬ್ಬಿಸಲು 18 ದಿರ್ಹಮ್‌ನ ಐಸ್‌ಕ್ರೀಮ್ ಬೇಕಾಯಿತು.

ಬುರ್ಜ್ ಖಲೀಫಾಕ್ಕೆ ಹೋಗುವ ಟಿಕೆಟ್ ಕೌಂಟರ್ ಕೂಡ ಮಾಲಿನಲ್ಲೇ ಇದೆ. ನಾನು ಅದರ ಮುಂದೆ ನಿಂತೆ. ಪುಸ್ತಕ ತೆಗೆದು ಕೂಡಿಸಿದೆ. ಅಲ್ಲಿಯವರೆಗೆ 136 ಹೋಗಿತ್ತು. ಉಳಿದದ್ದು 164. ಮರಳುವ ಮೆಟ್ರೋಗೆ 20 ತೆಗೆದಿಟ್ಟರೆ 144. ಸೂರ್ಯ ಮುಳುಗುವ ಹೊತ್ತಿಗೆ ಟಿಕೆಟ್ ಬೆಳಗಿಗಿಂತ ದುಬಾರಿಯಾಗುತ್ತದೆ. ಸಾಲದು.

ಉಪ್ಪ ಹಿಂದಿನಿಂದ ಬಂದು, "ಎಷ್ಟು ಕಡಿಮೆಯಾಗುತ್ತದೆ? ನಾನು ಹಾಕುತ್ತೇನೆ. ನೀನು ಹೋಗಿ ಬಾ, ನಾವು ಕೆಳಗೆ ಕಾಯುತ್ತೇವೆ" ಎಂದು ಪರ್ಸ್ ತೆಗೆದರು.

"ನೀವು ಮೇಲೆ ಹೋಗಿದ್ದೀರಾ ಉಪ್ಪ?"

"ಇಲ್ಲ. ಅದನ್ನು ಕಟ್ಟುವಾಗಲೇ ನೋಡುತ್ತಿದ್ದೆ. 2010ರ ಜನವರಿಯಲ್ಲಿ ಉದ್ಘಾಟನೆಯಾದಾಗ ನಾವು ರೂಮಿನವರೆಲ್ಲ ಟೆರೇಸಿಗೆ ಹೋಗಿ ಪಟಾಕಿ ನೋಡಿದೆವು. ಕೆಳಗಿದ್ದರೆ ಅದು ಕಾಣುತ್ತದೆ. ಮೇಲೆ ಹೋದರೆ ಎಲ್ಲವೂ ಕಾಣುತ್ತದೆ, ಅದೊಂದು ಕಾಣುವುದಿಲ್ಲ."

ನನಗೆ ನಗು ಬಂದರೂ ತಡೆದುಕೊಂಡೆ. ಪರ್ಸ್ ಒಳಗಿಡಲು ಹೇಳಿದೆ. ತ್ಯಾಗ ಮಾಡಿದೆನೆಂದು ಹೇಳಲಾರೆ. ನಾಲ್ಕು ಜನ ಒಟ್ಟಿಗೆ ಇರುವುದೇ ಎರಡು ವರ್ಷಕ್ಕೊಮ್ಮೆ. ಅಂಥ ದಿನ ನಾನೊಬ್ಬಳೇ 124ನೇ ಮಹಡಿಗೆ ಹೋಗಿ ಎಂತ ಮಾಡುವುದು ಎಂದು ಅನಿಸಿತು, ಅಷ್ಟೇ. ಗೆಳತಿಯರಿಗೆ ಎಂತ ಹೇಳುವುದೆಂಬ ಚಿಂತೆ ಆಗಲೂ ಇತ್ತು.

ಮಗ್ರಿಬ್ ಆದ ಮೇಲೆ ಹೊರಗೆ ಕಾರಂಜಿ ನೋಡಿದೆವು. ಅರ್ಧ ಗಂಟೆಗೊಮ್ಮೆ ಹಾಡಿನೊಂದಿಗೆ ನೀರು ಕುಣಿಯುತ್ತದೆ, 150 ಮೀಟರ್‌ವರೆಗೆ ಚಿಮ್ಮುತ್ತದೆ. ಟಿಕೆಟ್ ಇಲ್ಲ. ಜನರ ನಡುವೆ ತಮ್ಮನಿಗೆ ಕಾಣದಿದ್ದಾಗ ಉಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಒಂಬತ್ತು ವರ್ಷದ ಹುಡುಗ ಹೆಗಲಿಗೆ ಭಾರವೇ. "ಇಳಿಸಿ" ಎಂದು ಉಮ್ಮ ಹೇಳಿದರೂ ಎರಡು ಹಾಡು ಮುಗಿಯುವವರೆಗೆ ಇಳಿಸಲಿಲ್ಲ. ನಾನು ಅವರ ಫೋಟೋ ತೆಗೆದೆ. ಹಿಂದೆ ಬುರ್ಜ್ ಖಲೀಫಾದ ಅರ್ಧ ಮಾತ್ರ ಬಂತು. ಗೆಳತಿಯರಿಗೆ ಅದನ್ನೇ ಕಳುಹಿಸಿದೆ.

ದೇರಾಕ್ಕೆ ಮರಳುವಾಗ ಒಂಬತ್ತು ಗಂಟೆ. ಉಪ್ಪ ನಮ್ಮನ್ನು ನೇರವಾಗಿ ಫ್ಲ್ಯಾಟಿಗೆ ಕರೆದುಕೊಂಡು ಹೋಗದೆ, ತಮ್ಮ ರೂಮಿನ ಕಟ್ಟಡದ ಕೆಳಗಿನ ಕೆಫೆಟೇರಿಯಾದ ಹೊರಗೆ ಕೂರಿಸಿದರು. ಬ್ಯಾಚುಲರ್ ರೂಮಿಗೆ ಹೆಂಗಸರು ಹೋಗುವಂತಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮೆಟ್ಟಿಲಿಳಿದು ಐದು ಜನ ಬಂದರು. ಇಬ್ಬರು ಭಟ್ಕಳದವರು, ಇಬ್ಬರು ಕಾಸರಗೋಡಿನವರು, ಒಬ್ಬರು ಹೈದರಾಬಾದಿನವರು. ಅವರಲ್ಲಿ ಹಿರಿಯರೊಬ್ಬರ ಕೈಯಲ್ಲಿ ಕೇಕಿನ ಡಬ್ಬ. ನನ್ನನ್ನು ನೋಡಿ ಅವರು, "ಓ, ಇವಳೇ ಅಲ್ವಾ ಜಿಲೇಬಿ ಮಗಳು!" ಎಂದರು.

ನಾನು ಉಪ್ಪನನ್ನು ನೋಡಿದೆ. ಅವರು ಚಹಾ ಹೇಳಲು ಎದ್ದು ಒಳಗೆ ಹೋಗಿದ್ದರು.

"ಪ್ರತಿ ವರ್ಷ ಜಿಲೇಬಿ ಕೊಡುವುದು ನಿಮ್ಮ ಉಪ್ಪ," ಅವರೇ ಹೇಳಿದರು. "ರಾತ್ರಿ ಸರಿಯಾಗಿ ಹತ್ತೂವರೆಗೆ. ಊರಿನಲ್ಲಿ ಹನ್ನೆರಡಾಯಿತು, ನನ್ನ ಮಗಳಿಗೆ ಇಷ್ಟು ವರ್ಷವಾಯಿತು, ತಿನ್ನಿ ಎಂದು ಮಲಗಿದವರನ್ನೂ ಎಬ್ಬಿಸುತ್ತಾರೆ. ನಿನ್ನೆಯೂ ತಂದಿದ್ದರು. ನೀವು ಇಲ್ಲೇ ಇದ್ದೀರಲ್ಲ, ಇವತ್ತು ಯಾಕೆ ಇಲ್ಲಿಗೆ ಬಂದಿರಿ ಎಂದು ಕೇಳಿದೆವು. ಕ್ರಮ ತಪ್ಪಬಾರದು ಎಂದರು."

ಪುಸ್ತಕ ನನ್ನ ಕೈಯಲ್ಲೇ ಇತ್ತು. ಜಿಲೇಬಿಯ ಪುಟ ತೆಗೆದು ಈಗ ದಿನಾಂಕ ನೋಡಿದೆ. ಅಕ್ಟೋಬರ್, ನನ್ನ ಹುಟ್ಟುಹಬ್ಬದ ಹಿಂದಿನ ದಿನ. ಇನ್ನೊಂದು ಪುಟ. ಮರುವರ್ಷದ ಅಕ್ಟೋಬರ್, ಅದೇ ದಿನ. ಆಮೇಲೆ ಕೊನೆಯ ಪುಟ. ನಿನ್ನೆಯ ತಾರೀಖು, "ಜಿಲೇಬಿ 22".

ಅಬ್ರದಲ್ಲಿ ಆಡಿದ ಮಾತು ನೆನಪಾಗಿ ಕತ್ತೆತ್ತಲಾಗಲಿಲ್ಲ. ಉಪ್ಪ ಚಹಾದ ಲೋಟಗಳನ್ನು ಹಿಡಿದುಕೊಂಡು ಬಂದರು. ನಾನು "ಉಪ್ಪ" ಎಂದೆ. ಮುಂದೆ ಮಾತು ಬರಲಿಲ್ಲ. "ಚಾ ಒಂಬತ್ತು, ಹದಿಮೂರೂವರೆ ಕೊಡು" ಎಂದರು. ಕೊಟ್ಟೆ. ಅವರು ನನ್ನನ್ನು ಮುಜುಗರದಿಂದ ಪಾರು ಮಾಡುವ ರೀತಿ ಅದೆಂದು ನನಗೆ ಗೊತ್ತಾಯಿತು.

ಕೇಕಿನ ಮೇಲೆ ನನ್ನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು. ಮೇಣದಬತ್ತಿ ಇರಲಿಲ್ಲ, ಹಾಡೂ ಇರಲಿಲ್ಲ. ಹಿರಿಯರು ದುಆ ಮಾಡಿದರು, ಎಲ್ಲರೂ ಆಮೀನ್ ಎಂದರು. ಒಂಬತ್ತು ತುಂಡು ಮಾಡಿದೆ. ಅವರಲ್ಲಿ ಒಬ್ಬರು ತಮ್ಮ ಮಗಳ ಫೋಟೋ ತೋರಿಸಿದರು. ಅವಳೂ ಪಿಯುಸಿ. ಅವರೂ ಅವಳ ಹುಟ್ಟುಹಬ್ಬಕ್ಕೆ ಒಮ್ಮೆಯೂ ಊರಿನಲ್ಲಿರಲಿಲ್ಲ.

ರಾತ್ರಿ ಲೆಕ್ಕ ಮುಗಿಸಿದೆ. ತಿಂಡಿ 24, ಅಬ್ರ 8, ನೀರು 4, ಊಟ 62, ಮೆಟ್ರೋ 40, ಐಸ್‌ಕ್ರೀಮ್ 18, ಚಾ 13.50. ಒಟ್ಟು 169.50. ಉಳಿದದ್ದು 130.50. ಕೇಕನ್ನು ಎಲ್ಲಿ ಬರೆಯುವುದೆಂದು ತಿಳಿಯಲಿಲ್ಲ. ಕ್ಯಾಶ್ ಬುಕ್‌ನಲ್ಲಿ ಹಣ ಬಂದದ್ದು ಮತ್ತು ಹೋದದ್ದು ಮಾತ್ರ ಬರೆಯಲು ಬರುತ್ತದೆ.

"ಉಳಿದದ್ದು ನಿನಗೆ" ಎಂದರು ಉಪ್ಪ. ಊರಿಗೆ ಹೊರಡುವ ಹಿಂದಿನ ದಿನ ನಾನು ಆ ಅಂಗಡಿ ಯಾವುದೆಂದು ಕೇಳಿ, ತಮ್ಮನೊಂದಿಗೆ ಹೋಗಿ ಜಿಲೇಬಿ ತಂದು, ರೂಮಿನವರಿಗೆ ಕೊಡಿ ಎಂದು ಅವರ ಕೈಗಿಟ್ಟೆ. ಅವರ ಪುಸ್ತಕದಲ್ಲಿ ನನ್ನ ಅಕ್ಷರದಲ್ಲೇ "ಜಿಲೇಬಿ 22" ಎಂದು ಬರೆದೆ. ಮಿಕ್ಕ 108.50ನ್ನು ಆ ಪುಟದ ನಡುವೆ ಇಟ್ಟು ಪುಸ್ತಕ ಮುಚ್ಚಿದೆ. ನಾವು ಮಂಗಳೂರಿಗೆ ಬಂದ ಮೇಲೆ ಅವರಿಗೆ ಅದು ಸಿಕ್ಕಿತಂತೆ. ಫೋನಿನಲ್ಲಿ ಬೈದರು.

ನಮ್ಮ ಕಾಲೇಜಿನಲ್ಲಿ ಉಪ್ಪ ಗಲ್ಫ್‌ನಲ್ಲಿರುವವರು ನಾನೊಬ್ಬಳೇ ಅಲ್ಲ. ನಮ್ಮ ತರಗತಿಯಲ್ಲೇ ಎಷ್ಟೋ ಜನರಿದ್ದೇವೆ. ಅವರು ಅಲ್ಲಿ ಎಂತ ಮಾಡುತ್ತಾರೆಂದು ಕೇಳಿದರೆ "ಕೆಲಸ" ಎನ್ನುತ್ತೇವೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ಈ ಅಕ್ಟೋಬರ್‌ನಲ್ಲಿ ನನಗೆ ಹದಿನೆಂಟು. ಬೆಳಗಿನ ಫೋನಿಗಾಗಿ ಕಾಯುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಎಚ್ಚರವಿದ್ದು ನಾನೇ ಮಾಡುತ್ತೇನೆ. ಆಗ ಅಲ್ಲಿ ಹತ್ತೂವರೆ. ಉಪ್ಪನ ಕೈಯೆಲ್ಲ ಜಿಲೇಬಿಯ ಪಾಕವಾಗಿರುತ್ತದೆ, ಫೋನ್ ಎತ್ತಲು ಸ್ವಲ್ಪ ತಡವಾಗಬಹುದು.